ಅಪ್‌ಡೇಟ್: ಹಳೇ ಗೇರ್ ಲಿವರನ್ನೇ ಉಳಿಸಿಕೊಂಡೆ

ನನ್ನ ಸ್ಟೀಲ್ ರೋಡ್ ಸೈಕಲ್ಲಿನ ಫ್ರೇಮ್ ಮೇಲಿರುವ ಗೇರ್ ಲಿವರ್ ತೆಗೆದು, ಬ್ರೇಕ್ ಜೊತೆಗೇ ಬರುವ ಶಿಫ್ಟರ್ ಹಾಕಿಸಲಾ ಅಂತ ಹೋದ ತಿಂಗಳು ಕೇಳಿದ್ದೆ. ಹಾಕಿಸಲಿಲ್ಲ. ಹಿಂದಿನ ಚಕ್ರ ಕೂರುವ ಜಾಗ 126 ಮಿ.ಮೀ., ಆ ಶಿಫ್ಟರ್‌ಗೆ ಹೊಂದುವ ಹೊಸ ಹಬ್‌ಗೆ (ಚಕ್ರದ ನಡುಭಾಗಕ್ಕೆ) 130 ಬೇಕು. ಅಷ್ಟಕ್ಕೋಸ್ಕರ ಫ್ರೇಮ್ ಹಿಗ್ಗಿಸೋಕೆ ಮನಸ್ಸು ಬರಲಿಲ್ಲ. ಕೇಬಲ್, ಚೈನ್ ಮಾತ್ರ ಬದಲಾಯಿಸಿದೆ.

ನಿನ್ನೆ ನಂದಿಬೆಟ್ಟ ಹತ್ತಿದೆ. ಈ ಲಿವರ್‌ನಲ್ಲಿ ಕ್ಲಿಕ್ ಇಲ್ಲ. ಚೈನ್ ಕರಕರ ಅಂದರೆ ಬೆರಳಲ್ಲಿ ಕೂದಲೆಳೆಯಷ್ಟು ಸರಿಸಬೇಕು. ಸದ್ದು ನಿಂತಿತು ಅಂದರೆ ಗೇರ್ ಕೂತಿತು. ಕಡಿದಾದ ತಿರುವಿನಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆಯೋದು ಕಷ್ಟ, ನಿಜ. ಹಾಗಾಗಿ ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳುತ್ತೇನೆ. ಎಷ್ಟು ಇಷ್ಟವಾಯ್ತು ಗೊತ್ತಾ!

ಲಿವರ್ ಸ್ಕ್ರೂ ಬಿಗಿ ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಗೇರ್ ತಾನಾಗೇ ಜಾರುತ್ತಿದ್ದುದು ಅದರಿಂದಲೇ ನಿಂತಿತು.