ಮನೋವೈದ್ಯರನ್ನು ಕೇಳಿ: ಅಲೆನ್ ಮಾಲ್ ಶೂಟಿಂಗ್ ಆದ ಮೇಲೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ, 2023ರ ಮೇ 6ರಂದು, ಇಲ್ಲೇ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಅಲೆನ್ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಎಂಟು ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ಮಕ್ಕಳಿದ್ದಾರೆ. ಹೈದರಾಬಾದ್ ಕಡೆಯ ಒಬ್ಬ ಎಂಜಿನಿಯರ್ ಹುಡುಗಿಯೂ ಇದ್ದಾಳೆ. ನಾವೆಲ್ಲ ಮಕ್ಕಳಿಗೆ ಬಟ್ಟೆ ತೆಗೆಯಲು ಹೋಗುವ ಜಾಗ ಅದು. ಎರಡು ದಿನದಿಂದ ನಮ್ಮ ಕನ್ನಡಿಗರ ಚಾಟ್ ಗುಂಪಿನಲ್ಲಿ ಬರೀ ಭಯ, ಬರೀ ಫಾರ್ವರ್ಡ್. ಅದಕ್ಕೇ ನಮ್ಮ ಡಾಕ್ಟರ್ ಮೇಡಂ ಇವತ್ತು ರಾತ್ರಿ ಒಪ್ಪಿಕೊಂಡಿದ್ದಾರೆ. ಅವರು ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯರು. ದಯವಿಟ್ಟು ಒಬ್ಬರು ಒಂದೇ ಪ್ರಶ್ನೆ ಕೇಳಿ.

ಫ್ರಿಸ್ಕೋ ಅಮ್ಮ: ನಮಸ್ತೆ ಮೇಡಂ. ಮಗಳಿಗೆ ಏಳು ವರ್ಷ. ಇವತ್ತು ಬೆಳಗ್ಗೆ ಅವಳ ಮಿಣಿಮಿಣಿ ಲೈಟಿನ ಶೂ ಹಾಕಿಕೊಳ್ಳಲ್ಲ ಅಂದಳು. ಯಾಕೆ ಪುಟ್ಟಿ ಅಂದರೆ, ‘ಕತ್ತಲಲ್ಲಿ ಅಡಗಿಕೊಂಡಾಗ ಕಾಣಿಸುತ್ತೆ ಅಮ್ಮ’ ಅಂದಳು. ನನಗೆ ಬಾಯಿಂದ ಮಾತೇ ಬರಲಿಲ್ಲ. ಏನು ಹೇಳಲಿ?

ಡಾಕ್ಟರ್: ನಮಸ್ತೆ. ಓದಿ ನನಗೂ ಸಂಕಟವಾಯಿತು. ಮೊದಲು ಅವಳಿಗೆ ಏನು ಗೊತ್ತು ಅಂತ ಕೇಳಿ. ಅವಳು ಹೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ನಿಮಗೆ ಗೊತ್ತಿರುವುದೆಲ್ಲ ಹೇಳಬೇಡಿ. ‘ಏನೂ ಆಗಿಲ್ಲ’ ಅನ್ನಬೇಡಿ, ಆಗಿದೆ ಅಂತ ಅವಳಿಗೆ ಗೊತ್ತು. ‘ಕೆಟ್ಟದ್ದು ಆಯಿತು. ನಿನ್ನನ್ನು ನೋಡಿಕೊಳ್ಳುವುದು ದೊಡ್ಡವರ ಕೆಲಸ. ಶಾಲೆಯಲ್ಲಿ ಟೀಚರ್ ಇದ್ದಾರೆ, ಮನೆಯಲ್ಲಿ ನಾವಿದ್ದೇವೆ’ ಅಂತ ಹೇಳಿ. ಶೂ ಬೇಡವೆಂದರೆ ಬೇರೆ ಶೂ ಹಾಕಲಿ, ಅದಕ್ಕೆ ಜಗಳ ಬೇಡ. ಟಿವಿ ಆಫ್ ಮಾಡಿ. ಶಾಲೆ ಮಾತ್ರ ತಪ್ಪಿಸಬೇಡಿ. ಎರಡು ಮೂರು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ಲೇನೋ ಅಪ್ಪ: ನನ್ನ ಮಗನಿಗೆ ಒಂಬತ್ತು ವರ್ಷ, ಅವನಿಗೆ ಈ ವಿಷಯ ಹೇಗೆ ಹೇಳೋದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಬಿಸಿಬೇಳೆ: ಇದು ಬಂತು, ಎಲ್ಲರೂ ಓದಿ. ‘ಅಮೆರಿಕದ ಎಲ್ಲ ಶೂಟರ್‌ಗಳೂ ಡಿಪ್ರೆಷನ್ ಮಾತ್ರೆ ನುಂಗಿದವರೇ. ಕಂಪನಿಗಳು ಮುಚ್ಚಿಡುತ್ತಿವೆ. ಮಕ್ಕಳ ಮಾತ್ರೆ ಇಂದೇ ನಿಲ್ಲಿಸಿ, 21 ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬ್ರಾಹ್ಮಿ ರಸ ಕೊಡಿ. ಹತ್ತು ಜನರಿಗೆ ಕಳಿಸಿ.’

ಡಾಕ್ಟರ್: ಇದನ್ನು ದಯವಿಟ್ಟು ಅಳಿಸಿ. ಸುಳ್ಳು. ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ವಿಪರೀತ ಚಡಪಡಿಕೆ ಬರಬಹುದು. ಬಿಟ್ಟುಹೋಗಿದ್ದ ಕಾಯಿಲೆ ಮರಳಿ ಬರಬಹುದು. 25 ವರ್ಷದೊಳಗಿನವರಿಗೆ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು, ಅದಕ್ಕೇ ನಾವು ಹತ್ತಿರದಿಂದ ನೋಡುತ್ತೇವೆ. ಇದು ಮಾತ್ರೆಯ ಜೊತೆ ಕೊಡುವ ಮಾಹಿತಿ ಪತ್ರದಲ್ಲೇ ಬರೆದಿರುತ್ತದೆ, ಯಾರೂ ಮುಚ್ಚಿಟ್ಟಿಲ್ಲ. ಕಡಿಮೆ ಮಾಡಬೇಕಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ ನಿಧಾನಕ್ಕೆ ಮಾಡಿ.

ಬಿಸಿಬೇಳೆ: ಬ್ರಾಹ್ಮಿಯಿಂದ ಏನೂ ತೊಂದರೆ ಇಲ್ಲವಲ್ಲ ಮೇಡಂ, ನಮ್ಮಜ್ಜಿ ಕೊಡುತ್ತಿದ್ದರು.

ಡಾಕ್ಟರ್: ಮಾತ್ರೆ ನಿಲ್ಲಿಸಿ ಅಂದಿರುವುದೇ ತೊಂದರೆ. ಅಳಿಸಿ.

ಫ್ರಿಸ್ಕೋದವನು: ಎಲ್ಲ ಬಿಡಿ, ಮೂಲ ಕಾರಣ ಮಾನಸಿಕ ಕಾಯಿಲೆ. ನಮ್ಮ ಗವರ್ನರ್ ಕೂಡ ಟಿವಿಯಲ್ಲಿ ಅದನ್ನೇ ಹೇಳಿದರು. ತಲೆ ಕೆಟ್ಟವರ ಪಟ್ಟಿ ಮಾಡಿ ಒಳಗೆ ಹಾಕಲಿ, ಎಲ್ಲ ನಿಲ್ಲುತ್ತೆ.

ಹಾಸನದ ಹುಡುಗಿ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ನಿಮ್ಹಾನ್ಸ್‌ನಲ್ಲಿ ಔಷಧಿ ನಡೆಯುತ್ತಿದೆ. ಹನ್ನೊಂದು ವರ್ಷದಲ್ಲಿ ಒಂದು ಇರುವೆಯನ್ನೂ ತುಳಿದವನಲ್ಲ. ಜನ ಇವನಿಗೆ ಹೊಡೆದಿದ್ದಾರೆ. ಪಟ್ಟಿ ಮಾಡಿ ಅಂತ ಎಷ್ಟು ಸುಲಭವಾಗಿ ಬರೆದಿರಿ ಸರ್.

ಡಾಕ್ಟರ್: ಹಾಸನದ ಹುಡುಗಿ ಹೇಳಿದ್ದು ಸರಿ. ಈ ದೇಶದಲ್ಲಿ ನಡೆಯುವ ಒಟ್ಟು ಹಿಂಸೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಪಾಲು ಸುಮಾರು 4% ಮಾತ್ರ. ನಾಳೆ ಬೆಳಗ್ಗೆ ಎಲ್ಲರ ಕಾಯಿಲೆ ವಾಸಿಯಾದರೂ ಉಳಿದದ್ದು ಹಾಗೇ ಇರುತ್ತದೆ. ಖಿನ್ನತೆ, ಸ್ಕಿಜೋಫ್ರೇನಿಯಾ ಎಲ್ಲ ದೇಶದಲ್ಲೂ ಇದೆ. ಇಷ್ಟು ಶೂಟಿಂಗ್ ಎಲ್ಲ ದೇಶದಲ್ಲಿ ಇಲ್ಲ. ಸಿಟ್ಟು, ದ್ವೇಷ, ಒಂಟಿತನಕ್ಕೆಲ್ಲ ಕಾಯಿಲೆಯ ಹೆಸರಿಟ್ಟರೆ ನನ್ನ ರೋಗಿಗಳು ಕ್ಲಿನಿಕ್ಕಿಗೆ ಬರಲು ಹೆದರುತ್ತಾರೆ. ಪ್ರತಿ ಶೂಟಿಂಗ್ ಆದ ಮೇಲಿನ ವಾರ ಅಪಾಯಿಂಟ್‌ಮೆಂಟ್ ರದ್ದು ಮಾಡುವವರನ್ನು ನೋಡುತ್ತೇನೆ.

ಕೊಡಗಿನವ: ಮೇಡಂ, ಕೋವಿಯದ್ದೂ ತಪ್ಪಲ್ಲ. ನಮ್ಮಲ್ಲಿ ಕೊಡವರಿಗೆ, ಜಮ್ಮಾ ಅಂದರೆ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, 2029ರವರೆಗೆ ಇದೆ. ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತೇವೆ. ನಮ್ಮಲ್ಲಿ ಯಾರಾದರೂ ಶಾಲೆಗೆ ನುಗ್ಗಿದ್ದಾರಾ?

ಮಲೆನಾಡಿಗ: ಅಣ್ಣ, ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗೂ ಈ ಎಆರ್-15 ರೈಫಲ್‌ಗೂ ಹೋಲಿಕೆಯಾ? ಅದರಲ್ಲಿ ಎರಡು ಈಡು ಹೊಡೆದರೆ ಮತ್ತೆ ತೋಟೆ ತುಂಬಬೇಕು. ಇಲ್ಲಿ ಮ್ಯಾಗಜೀನಿನಲ್ಲೇ ಮೂವತ್ತು ಗುಂಡು. ನಮ್ಮಪ್ಪನದು ಬೆಳೆ ರಕ್ಷಣೆ ಲೈಸೆನ್ಸ್. ಹಂದಿ ಓಡಿಸಲು ಕೋವಿ. ಚುನಾವಣೆ ಬಂದಾಗೆಲ್ಲ ತೆಗೆದುಕೊಂಡು ಹೋಗಿ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ನಾಡಿದ್ದು ಬುಧವಾರ ಮತದಾನ, ಈಗಲೂ ಅಲ್ಲೇ ಇದೆ. ಅದರಿಂದ ಅಪ್ಪನ ಮರ್ಯಾದೆ ಹೋಗಿಲ್ಲ.

ಕೊಡಗಿನವ: ಹೋಲಿಕೆ ಮಾಡಿದ್ದು ಸಂಸ್ಕಾರಕ್ಕೆ. ನಿಮಗೆ ಅರ್ಥವಾಗಲ್ಲ.

ಫ್ರಿಸ್ಕೋದವನು: ಇಲ್ಲಿ ಸೆಕೆಂಡ್ ಅಮೆಂಡ್‌ಮೆಂಟ್ ಇದೆ, ಬಂದೂಕು ಇಟ್ಟುಕೊಳ್ಳೋ ಸಂವಿಧಾನದ ಹಕ್ಕು, 1791ರಿಂದ. ಠಾಣೆಗೆ ಕೊಡು ಅನ್ನೋಕೆ ಇದೇನು ತೀರ್ಥಹಳ್ಳಿನಾ?

ಶಾಲಾ ಟೀಚರ್: ನಮ್ಮ ಟೆಕ್ಸಾಸ್‌ನದೇ ಯುವಾಲ್ಡಿಯ ಶಾಲೆಯಲ್ಲಿ ಕಳೆದ ವರ್ಷ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಆ ಹುಡುಗ 18 ತುಂಬಿದ ಕೆಲವೇ ದಿನದಲ್ಲಿ ಎರಡು ರೈಫಲ್ ಕೊಂಡಿದ್ದ. ಕೊಳ್ಳುವ ವಯಸ್ಸು 21 ಮಾಡುವ ಮಸೂದೆಯನ್ನು ಇವತ್ತು ರಾಜಧಾನಿ ಆಸ್ಟಿನ್‌ನಲ್ಲಿ ಶಾಸನಸಭೆಯ ಸಮಿತಿ 8–5 ಮತಗಳಲ್ಲಿ ಮುಂದೆ ಕಳಿಸಿದೆ. ಸತ್ತ ಮಕ್ಕಳ ಅಪ್ಪ ಅಮ್ಮ ಅಲ್ಲೇ ನಿಂತು ಅತ್ತರು. ನಿಮ್ಮ ಶಾಸಕರಿಗೆ ಫೋನ್ ಮಾಡಿ. ಆಸ್ಟ್ರೇಲಿಯಾ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಕೊಂಡಿತು. ಮನಸ್ಸು ಮಾಡಿದರೆ ಆಗುತ್ತೆ.

ಹೊಸಬ: ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ರಕ್ಷಣೆಗೆ ಪಿಸ್ತೂಲ್ ತಗೋಬಹುದಾ? ಯಾವುದು ಒಳ್ಳೆಯದು?

ಮಲೆನಾಡಿಗ: ಎಚ್-1ಬಿಯವರು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ. ವಕೀಲರನ್ನು ಕೇಳದೆ ಅಂಗಡಿಗೆ ಹೋಗಬೇಡ ತಮ್ಮ.

ಹೆಸರು ಬೇಡ: ಡಾಕ್ಟರ್, ನಮಗೆ ಗ್ರೀನ್ ಕಾರ್ಡ್ ಇದೆ. ನಿನ್ನೆ ಭಾನುವಾರ ನಮ್ಮ ಮನೆಯವರು ಪಿಸ್ತೂಲ್ ತಂದರು. ನಮ್ಮನ್ನು ನಾವೇ ಕಾಪಾಡಿಕೊಳ್ಳಬೇಕು ಅಂತ. ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದಾರೆ, ಕೀಲಿ ದೇವರ ಮನೆಯ ಮೊಳೆಗೆ ನೇತಾಕಿದ್ದಾರೆ. ಮಗನಿಗೆ 16. ಅವನು ಯಾರಿಗಾದರೂ ಏನಾದರೂ ಮಾಡಿಬಿಟ್ಟರೆ ಅಂತ ಹೆದರಿಕೆ. ಫೆಬ್ರವರಿಯಿಂದ ರೂಮು ಬಿಟ್ಟು ಬರಲ್ಲ. ಅನ್ನ ಸಾರು ಬಾಗಿಲಲ್ಲಿ ಇಟ್ಟು ಬರಬೇಕು. ಮಾರ್ಕ್ಸ್ ಬಿದ್ದಿದೆ. ಹೋದ ವಾರ ಅವನ ಕ್ರಿಕೆಟ್ ಬ್ಯಾಟನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟುಬಿಟ್ಟ. ಅವರ ತಾತ ಮೈಸೂರಿಂದ ತಂದುಕೊಟ್ಟ ಬ್ಯಾಟು, ಯಾರನ್ನೂ ಮುಟ್ಟೋಕೆ ಬಿಡುತ್ತಿರಲಿಲ್ಲ. ಅವನು ಅಂಥವನಾಗ್ತಾನಾ?

ಡಾಕ್ಟರ್: ಅಮ್ಮಾ, ನನ್ನ ಉಳಿದ ಉತ್ತರಗಳನ್ನೆಲ್ಲ ಬಿಡಿ, ಇದನ್ನು ಪೂರ್ತಿ ಓದಿ. ಅವನು ಬೇರೆಯವರಿಗೆ ಏನೋ ಮಾಡುತ್ತಾನೆ ಅನ್ನುವುದು ನನ್ನ ಮೊದಲ ಚಿಂತೆ ಅಲ್ಲ. ಅವನು ತನಗೇ ಏನಾದರೂ ಮಾಡಿಕೊಂಡಾನು ಅನ್ನುವುದು ನನ್ನ ಚಿಂತೆ. ಇಷ್ಟವಾದ ವಸ್ತುವನ್ನು ಕೊಟ್ಟುಬಿಡುವುದು ಸಣ್ಣ ವಿಷಯ ಅಲ್ಲ.

2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ 48,830 ಜನ ಸತ್ತರು. ಅದರಲ್ಲಿ 26,328 ಜನ ತಾವೇ ಹೊಡೆದುಕೊಂಡವರು. ಇದು ಟಿವಿಯಲ್ಲಿ ಬರಲ್ಲ. ಮಾತ್ರೆ ನುಂಗಿದ ಎಷ್ಟೋ ಮಕ್ಕಳನ್ನು ನಾವು ಉಳಿಸಿದ್ದೇವೆ. ಪಿಸ್ತೂಲಿನಿಂದ ಪ್ರಯತ್ನ ಮಾಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಉಳಿಯಲ್ಲ. ಸಾಯಬೇಕು ಅನ್ನುವ ಆ ಗಳಿಗೆ ಎಷ್ಟೋ ಸಲ ಕೆಲವೇ ನಿಮಿಷದ್ದು. ಆ ನಿಮಿಷಗಳಲ್ಲಿ ಕೈಗೆ ಸಿಗದಿದ್ದರೆ ಹುಡುಗ ಬದುಕುತ್ತಾನೆ.

ಹಾಗಾಗಿ ಪಿಸ್ತೂಲ್ ಇವತ್ತು ರಾತ್ರಿಯೇ ಮನೆಯಿಂದ ಹೊರಗೆ ಹೋಗಬೇಕು. ನಾಳೆ ಅಲ್ಲ. ದೇವರ ಮನೆಯಲ್ಲಿರುವ ಕೀಲಿ ಅವನಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ, ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಕೆಲವು ಗನ್ ಅಂಗಡಿಗಳು, ಕೆಲವು ಪೊಲೀಸ್ ಠಾಣೆಗಳು ಇಟ್ಟುಕೊಳ್ಳುತ್ತವೆ. ಮೊದಲು ಫೋನ್ ಮಾಡಿ ಕೇಳಿ, ಹೇಗೆ ತರಬೇಕು ಅಂತ ಅವರೇ ಹೇಳುತ್ತಾರೆ.

ಆಮೇಲೆ ಅವನ ರೂಮಿಗೆ ಹೋಗಿ ಕೂತುಕೊಳ್ಳಿ. ನೇರವಾಗಿ ಕೇಳಿ: ‘ಸತ್ತುಹೋಗಬೇಕು ಅನ್ನಿಸುತ್ತಾ ಕಂದ?’ ಕೇಳಿದರೆ ಆ ಯೋಚನೆ ಬರುತ್ತೆ ಅನ್ನುವುದು ತಪ್ಪು. ಕೇಳಿದ ಮೇಲೆ ಮಕ್ಕಳು ಹಗುರಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾರ್ಕ್ಸ್ ಮಾತು ಎತ್ತಬೇಡಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಅನುವಾದಕರು ಬೇಕು ಅಂದರೂ ಕೊಡುತ್ತಾರೆ. ಈಗಲೇ ಅಪಾಯ ಅನ್ನಿಸಿದರೆ 911, ಇಲ್ಲವೇ ಎಮರ್ಜೆನ್ಸಿಗೆ ಕರೆದೊಯ್ಯಿರಿ. ನನಗೆ ಪ್ರತ್ಯೇಕ ಮೆಸೇಜಿನಲ್ಲಿ ನಿಮ್ಮ ನಂಬರ್ ಕಳಿಸಿ.

ಹೆಸರು ಬೇಡ: ಕಳಿಸಿದ್ದೇನೆ. ಮನೆಯವರು ಒಪ್ಪುತ್ತಿಲ್ಲ. ನನ್ನ ಮಗನನ್ನು ಹುಚ್ಚ ಅಂತೀರಾ, ತಂದದ್ದನ್ನು ವಾಪಸ್ ಕೊಡೋಕೆ ನನಗೆ ಅವಮಾನ ಅಂತಾರೆ.

ಫ್ರಿಸ್ಕೋದವನು: ಸರಿಯಾಗೇ ಹೇಳಿದ್ದಾರೆ. ಡಾಕ್ಟರ್ ರಾಜಕೀಯ ಮಾಡುತ್ತಿದ್ದಾರೆ. ಹುಡುಗನಿಗೆ ಎರಡು ಏಟು ಕೊಟ್ಟು ಫೋನ್ ಕಿತ್ತುಕೊಳ್ಳಿ, ವಿಡಿಯೋ ಗೇಮ್ ಬಿಟ್ಟರೆ ಸರಿಹೋಗ್ತಾನೆ.

ಹಾಸನದ ಹುಡುಗಿ: ಒಬ್ಬ ತಾಯಿ ಹೆದರಿ ಬರೆಯುತ್ತಿದ್ದಾರೆ. ಸ್ವಲ್ಪ ಬಾಯಿ ಮುಚ್ಚಿ ಸರ್.

ಫ್ರಿಸ್ಕೋದವನು: ನಿಮ್ಮ ಮನೆ ಕಥೆ ಇಟ್ಟುಕೊಂಡು ಎಲ್ಲರಿಗೂ ಪಾಠ ಹೇಳಬೇಡಿ.

ಡಾಕ್ಟರ್: ಸರ್, ಏಟು ಕೊಡಿ ಅಂತ ಈ ಹುಡುಗನ ಬಗ್ಗೆ ಇನ್ನೊಮ್ಮೆ ಬರೆದರೆ ನಾನು ಗುಂಪು ಬಿಡುತ್ತೇನೆ. ವಿಡಿಯೋ ಗೇಮ್ ಜಪಾನಿನಲ್ಲೂ ಆಡುತ್ತಾರೆ.

ಅಡ್ಮಿನ್: ಎಲ್ಲರೂ ತಾಳ್ಮೆ ಇರಲಿ ಪ್ಲೀಸ್.

ಪ್ಲೇನೋ ಅಪ್ಪ: ಒಂಬತ್ತು ವರ್ಷದವನಿಗೂ ಅದೇ ಉತ್ತರನಾ ಅಥವಾ ಬೇರೆಯಾ?

ಡಾಕ್ಟರ್: ಅದೇ.

ಬಿಸಿಬೇಳೆ: ಮೇಡಂ, ಅಶ್ವಗಂಧ ಕೊಟ್ಟರೆ ಆ ಹುಡುಗನಿಗೆ…

ಡಾಕ್ಟರ್: ಬೇಡ.

ಮಲೆನಾಡಿಗ: ಆ ಅಕ್ಕನ ಯಜಮಾನರಿಗೆ ನನ್ನ ಮಾತು ತೋರಿಸಿ. ಸರ್, ನಮ್ಮಪ್ಪನಿಗೆ 74. ಆ ಕೋವಿ ಅಜ್ಜನ ಕಾಲದ್ದು. ಪ್ರತಿ ಚುನಾವಣೆಗೂ ಗೋಣಿತಾಟಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋಗಿ ಸಾಲಲ್ಲಿ ನಿಂತು ಒಪ್ಪಿಸಿ ಬರುತ್ತಾರೆ. ಅವರು ಓಟಿಗೋಸ್ಕರ ಕೊಟ್ಟಿದ್ದಾರೆ. ನೀವು ಮಗನಿಗೋಸ್ಕರ ಕೊಡಿ. ಬೇಕಿದ್ದರೆ ನಾನು ಈಗ ಕಾರು ತಗೊಂಡು ಬರ್ತೀನಿ, ಜೊತೆಗೆ ಹೋಗೋಣ.

ಕೊಡಗಿನವ: ನಾನೂ ಬರುತ್ತೇನೆ. ನನ್ನ ಮನೆಯಲ್ಲಿ ಸೇಫ್ ಇದೆ, ಆದರೆ ಠಾಣೆಯೇ ವಾಸಿ. ಕೋವಿಗೆ ಪೂಜೆ ಮಾಡುವ ಮನೆಯವನು ಹೇಳ್ತಿದ್ದೀನಿ ಸರ್, ಹೊರಗೆ ಕೊಡಿ.

ಶಾಲಾ ಟೀಚರ್: ಡಾಕ್ಟರ್, ಶೂಟರ್ ಬಂದರೆ ಹೇಗೆ ಅಡಗಬೇಕು ಅಂತ ನಮ್ಮ ಶಾಲೆಯಲ್ಲಿ ಮಾಡಿಸುವ ಡ್ರಿಲ್‌ಗಳೇ ಮಕ್ಕಳನ್ನು ಹೆದರಿಸುತ್ತಿವೆಯಾ? ಇದನ್ನು ಸಂಜೆಯಿಂದ ಕೇಳಬೇಕು ಅಂತಿದ್ದೆ.

ಹೊಸಬ: ಬೇಟೆ ಲೈಸೆನ್ಸ್ ಆನ್‌ಲೈನ್ ಸಿಗುತ್ತಾ?

ಹೆಸರು ಬೇಡ: 11.40. ಮನೆಯವರು ಓದಿದರು. ಎರಡು ಸಲ ಓದಿದರು. ಏನೂ ಮಾತಾಡದೆ ಮೊಳೆಯಿಂದ ಕೀಲಿ ತೆಗೆದುಕೊಂಡರು. ಠಾಣೆಯವರು ಬನ್ನಿ ಅಂದಿದ್ದಾರೆ. ಮಲೆನಾಡಿಗ ಸರ್ ಮನೆ ಮುಂದೆ ಬಂದಿದ್ದಾರೆ. ನಾನು ಮಗನ ರೂಮಲ್ಲಿ ನೆಲದ ಮೇಲೆ ಕೂತಿದ್ದೇನೆ. ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದಾನೆ, ‘ಹ್ಞೂಂ’ ಅಂದ.

ಡಾಕ್ಟರ್: ಅಲ್ಲೇ ಇರಿ. ಅವನ ಬೆನ್ನ ಮೇಲೆ ಕೈಯಿಡಿ. ಈಗ ಫೋನ್ ಮಾಡುತ್ತಿದ್ದೇನೆ, ಎತ್ತಿಕೊಳ್ಳಿ.

ಪ್ಲೇನೋ ಅಪ್ಪ: ಮೇಡಂ ಇದ್ದೀರಾ?

ಅಡ್ಮಿನ್: ಡಾಕ್ಟರ್ ಫೋನಲ್ಲಿದ್ದಾರೆ. ಇವತ್ತಿಗೆ ಮುಚ್ಚುತ್ತಿದ್ದೇನೆ.