ಅಪ್‌ಡೇಟ್: ಮಲ್ಪೆಗೆ ಹೋಗಿ ಬಂದ್ವಿ

‘ಉಳಿದವರು ಕಂಡಂತೆ’ (2014) ಸಿನಿಮಾ ಶೂಟಿಂಗ್ ಆದ, ಉಡುಪಿ ಹತ್ರದ ಮೀನುಗಾರಿಕೆ ಬಂದರು ಮಲ್ಪೆ ನೋಡ್ಬೇಕು, ಅಲ್ಲಿನ ಜನಕ್ಕೆ ತೊಂದ್ರೆ ಆಗದಂಗೆ ಹೆಂಗೆ ಹೋಗೋದು ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಜೂನ್-ಜುಲೈ ಬೇಡ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರತ್ತೆ ಅಂದಿದ್ರಿ, ಅದಕ್ಕೆ ಅಕ್ಟೋಬರ್‌ನಲ್ಲಿ ಹೋದ್ವಿ. ಬೆಳಗ್ಗೆ ಬಂದರು ನೋಡ್ಬೇಕು ಮಾರಾಯ್ರೆ, ಒಂದ್ ಕಡೆ ಐಸ್ ಪುಡಿ ಮಾಡೋ ಸದ್ದು, ಇನ್ನೊಂದ್ ಕಡೆ ಹರಾಜು ಕೂಗ್ತಿದಾರೆ, ನೆಲ ಪೂರ್ತಿ ಒದ್ದೆ, ತಲೆ ಮೇಲೆ ಬುಟ್ಟಿ ಹೊತ್ತವ್ರು ಓಡ್ತಾನೇ ಇರ್ತಾರೆ, ಅಲ್ಲಿ ದಾರಿಗೆ ಅಡ್ಡ ನಿಂತು ರೀಲ್ಸ್ ಮಾಡೋದು ಖಂಡಿತ ತಪ್ಪು. ನಾವು ಗೋಡೆ ಪಕ್ಕ ನಿಂತ್ವಿ. ಒಬ್ರು ಅಕ್ಕನ್ನ ಫೋಟೋ ತೆಗೀಲಾ ಅಂತ ಕೇಳಿದ್ದಕ್ಕೆ ‘ನಂದು ಬೇಡ, ಮೀನಿಂದು ತೆಗೀರಿ’ ಅಂದ್ರು, ಬುಟ್ಟಿಲಿದ್ದ ಬಂಗುಡೆದು ಮಾತ್ರ ತೆಗೆದೆ, ಐಸ್ ಚೂರುಗಳ ಮಧ್ಯೆ ನೀಲಿ-ಹಸಿರು ಬೆನ್ನು ಹೊಳೀತಿತ್ತು.

ಮನೆಗಳಿರೋ ಗಲ್ಲಿಗಳಲ್ಲಿ ಕ್ಯಾಮೆರಾ ಬ್ಯಾಗಲ್ಲೇ ಇತ್ತು. ಸಿನಿಮಾದಲ್ಲಿ ಬಂದಿದೆ ಅಂತ ಯಾರ್ದೋ ಅಂಗಳಕ್ಕೆ ನುಗ್ಗೋಕಾಗಲ್ಲ.

ಸಿನಿಮಾದಲ್ಲಿ ಬರೋ ಹುಲಿವೇಷ ನೋಡೋ ಆಸೆ ಇರೋರು ಕೃಷ್ಣಾಷ್ಟಮಿ ಮಾರನೇ ದಿನ ನಡೆಯೋ ವಿಟ್ಲಪಿಂಡಿ ಉತ್ಸವಕ್ಕೆ ಉಡುಪಿಗೆ ಹೋಗಿ. ಎಷ್ಟೋ ಜನ ಹರಕೆಗೆ ವೇಷ ಹಾಕಿರ್ತಾರೆ, ದಯವಿಟ್ಟು ಕೈ ಹಿಡಿದೆಳೆದು ಸೆಲ್ಫಿ ಕೇಳ್ಬೇಡಿ. ಸೇಂಟ್ ಮೇರೀಸ್ ದ್ವೀಪಕ್ಕೂ ಮಲ್ಪೆಯಿಂದಾನೇ ಬೋಟ್, ಮಳೆಗಾಲದಲ್ಲಿ ಬಿಡಲ್ಲ.