ಪ್ರತಿಧ್ವನಿಯೋ, ಅನುರಣನವೋ, ಅನುನಾದವೋ: ಕೋಣೆಯ ‘ಗುಂಯ್’ಗೆ ಯಾವ ಪದ?

‘ಹೊಸ ಸ್ಪೀಕರ್ ತಂದಿಟ್ಟೆವು, ಹಾಲ್‌ನಲ್ಲಿ ಎಕೋ ಹೊಡೀತದೆ.’ ಮಂಗಳೂರು, ಮಣಿಪಾಲದ ಫ್ಲ್ಯಾಟುಗಳ ದೂರು ಹೆಚ್ಚುಕಡಿಮೆ ಇದೇ ಮಾತಿನಲ್ಲಿರುತ್ತದೆ. ಕನ್ನಡದಲ್ಲಿ ಬರೆಯಹೊರಟವರು ಆ ‘ಎಕೋ’ವನ್ನು ಕಣ್ಣುಮುಚ್ಚಿ ‘ಪ್ರತಿಧ್ವನಿ’ ಮಾಡುತ್ತಾರೆ. ಅಲ್ಲಿಗೆ ಪದವೂ ತಪ್ಪಿತು, ಮದ್ದೂ ತಪ್ಪಿತು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಪ್ರತಿಧ್ವನಿ ಹುಟ್ಟಲು ಜಾಗವೇ ಇಲ್ಲ.

ಒಂಬತ್ತನೇ ತರಗತಿಯ ವಿಜ್ಞಾನ ಪಾಠದ ಲೆಕ್ಕ ನೆನಪಿರಬಹುದು: ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ 0.1 ಸೆಕೆಂಡ್ ಅಂತರ ಬೇಕು, ಎಂದರೆ ಗೋಡೆ ಕನಿಷ್ಠ 17.2 ಮೀಟರ್ ಆಚೆ ಇರಬೇಕು. 12 ಅಡಿ ಎಂದರೆ 3.66 ಮೀಟರ್. ಸದ್ದು ಎದುರು ಗೋಡೆಗೆ ಹೋಗಿ ಬರಲು 0.021 ಸೆಕೆಂಡ್ ಸಾಕು. ಅಷ್ಟು ಸಣ್ಣ ಅಂತರದಲ್ಲಿ ಮೂಲದನಿ ಯಾವುದು, ಮರುದನಿ ಯಾವುದು ಎಂದು ಕಿವಿ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ‘ಪ್ರತಿಧ್ವನಿ’, ‘ಮಾರ್ದನಿ’ ಎರಡನ್ನೂ ಘಾಟಿಯಲ್ಲಿ ಕೂಗಿದ್ದು ಹಾಗೆಯೇ ತಿರುಗಿ ಕೇಳುತ್ತದಲ್ಲ, ಅದಕ್ಕೇ ಬಿಟ್ಟುಬಿಡೋಣ.

ಹಾಲ್‌ನಲ್ಲಿ ಕೇಳುವುದು ಮೂರು ಬೇರೆ ಬೇರೆ ಕಾಯಿಲೆ. ಮೂರಕ್ಕೂ ಬೇರೆ ಪದ ಬೇಕು ಎಂಬುದು ನನ್ನ ವಾದ.

ಮೊದಲನೆಯದು, ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿದು ನಿಧಾನವಾಗಿ ಆರುವುದು. ಇಂಗ್ಲಿಷಿನವರ ರಿವರ್ಬರೇಶನ್. ಇದಕ್ಕೆ ‘ಅನುರಣನ’ ಎನ್ನಬೇಕು. ತೊಡಕೇನೆಂದರೆ ಇದೇ ‘ಅನುರಣನ’ವನ್ನು ಕೆಲವರು ರೆಸೊನೆನ್ಸ್‌ಗೂ ಬಳಸುತ್ತಾರೆ, ‘ಅನುನಾದ’ವನ್ನು ಅದರ ಪಕ್ಕಕ್ಕೇ ಇಡುತ್ತಾರೆ, ಓದುವವನಿಗೆ ಎರಡೂ ಒಂದೇ ಅನ್ನಿಸುತ್ತದೆ. ಪದ ಬಿಡಿಸಿದರೆ ದಾರಿ ಕಾಣುತ್ತದೆ. ‘ಅನು’ವಿಗೆ ‘ಆಮೇಲೆ, ಹಿಂದಿನಿಂದ’ ಎಂಬ ಅರ್ಥವೂ ಉಂಟು, ‘ಜೊತೆಗೆ, ಅನುಸರಿಸಿ’ ಎಂಬ ಅರ್ಥವೂ ಉಂಟು. ಗಂಟೆ ಹೊಡೆದ ಮೇಲೆ ಉಳಿಯುವ ನಾದಕ್ಕೆ ಅಲಂಕಾರಶಾಸ್ತ್ರದವರು ‘ಅನುರಣನ’ ಎಂದರು. ಮಾತು ಮುಗಿದ ಮೇಲೆ ಹೊಳೆಯುವ ಅರ್ಥವನ್ನು ಅದಕ್ಕೇ ಹೋಲಿಸಿದರು. ಅಲ್ಲಿ ‘ಅನು’ ಎಂದರೆ ಆಮೇಲೆ. ಒಂದು ತಂತಿ ಮಿಡಿದಾಗ ಅದೇ ಶ್ರುತಿಯ ಪಕ್ಕದ ತಂತಿ ತಾನೂ ದನಿಗೂಡಿಸುವುದು ‘ಅನುನಾದ’. ಇಲ್ಲಿ ‘ಅನು’ ಎಂದರೆ ಜೊತೆಗೆ. ಉಳಿಯುವುದು ಅನುರಣನ, ದನಿಗೂಡಿಸುವುದು ಅನುನಾದ. ಇಷ್ಟು ಗೆರೆ ಎಳೆದುಕೊಂಡರೆ ಗೊಂದಲ ಮುಗಿಯುತ್ತದೆ.

ಅನುರಣನದ ಅಳತೆಗೋಲು ಕೊಟ್ಟವರು ಹಾರ್ವರ್ಡ್‌ನ ವಾಲೇಸ್ ಸಬೀನ್. 1895ರಲ್ಲಿ, ಮಾತು ಸ್ಪಷ್ಟವಾಗಿ ಕೇಳದ ಒಂದು ಉಪನ್ಯಾಸ ಸಭಾಂಗಣವನ್ನು ಸರಿಮಾಡುವ ಕೆಲಸ ಅವರ ಪಾಲಿಗೆ ಬಂತು. ಇನ್ನೊಂದು ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ದನಿ ಆರಲು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಅಳೆದರು. ಹೀರಿಕೆಯನ್ನು ಅವರು ಎಣಿಸಿದ್ದು ‘ತೆರೆದ ಕಿಟಕಿ’ಯ ಲೆಕ್ಕದಲ್ಲಿ: ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ತಿರುಗಿ ಬರುವುದಿಲ್ಲ, ಆದ್ದರಿಂದ ಅದರ ಹೀರಿಕೆ ಪೂರ್ತಿ 1. ಕನ್ನಡಕ್ಕೆ ‘ಹೀರುಗುಣಾಂಕ’ ಎಂದೆಲ್ಲ ಕಟ್ಟುವ ಮೊದಲು ಈ ‘ತೆರೆದ ಕಿಟಕಿ’ಯನ್ನೇ ಉಳಿಸಿಕೊಳ್ಳಬಾರದೇ ಅನ್ನಿಸುತ್ತದೆ.

ಲೆಕ್ಕ ಮಾಡಿ ನೋಡಿ. 12×10 ಅಡಿ, ಎತ್ತರ 10 ಅಡಿ; ಒಳಗಿನ ಗಾತ್ರ 34 ಘನ ಮೀಟರ್, ಗೋಡೆ-ನೆಲ-ಸ್ಲ್ಯಾಬ್ ಸೇರಿ 63 ಚದರ ಮೀಟರ್. ಗಿಲಾವು ಮಾಡಿದ ಗೋಡೆಯೂ ವಿಟ್ರಿಫೈಡ್ ಟೈಲೂ ನೂರರಲ್ಲಿ ಎರಡೋ ಮೂರೋ ಪಾಲು ಮಾತ್ರ ಹೀರುತ್ತವೆ, ಎಂದರೆ ಇಡೀ ಖಾಲಿ ಕೋಣೆ 2 ಚದರ ಮೀಟರ್ ತೆರೆದ ಕಿಟಕಿಗೂ ಸಮವಲ್ಲ. ಸಬೀನರ ಸೂತ್ರದಂತೆ 0.161ನ್ನು ಗಾತ್ರದಿಂದ ಗುಣಿಸಿ ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ, ಎಂದರೆ ದನಿ ಆರುವ ಹೊತ್ತು, 3 ಸೆಕೆಂಡ್ ಹತ್ತಿರ. ಯಕ್ಷಗಾನದ ಭಾಗವತರ ಹಾಡು ಕೇಳಬೇಕಾದ ಕೋಣೆಗೆ 0.4 ಸೆಕೆಂಡ್ ಆಸುಪಾಸು ಚಂದ. ಅದಕ್ಕೆ 14 ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರಿಕೆ ಬೇಕು. ನೆರಿಗೆ ತುಂಬ ಬಿಟ್ಟ ದಪ್ಪ ಪರದೆ 7×8 ಅಡಿ ಇದ್ದರೆ ಎರಡೂವರೆ ಚದರ ಮೀಟರ್; ಮೂರು ಜನ ಕೂರುವ ಒಂದು ಬಟ್ಟೆಯ ಸೋಫಾದಿಂದ 2; 5×7 ಅಡಿಯ ದಪ್ಪ ಜಮಖಾನದಿಂದ 1; ಕೂತ ಇಬ್ಬರು ಮನುಷ್ಯರಿಂದ 1; 2×4 ಅಡಿಯ 4 ಇಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ಉಣ್ಣೆಯಂಥ ಎಳೆ) ಹಲಗೆ ಆರು ತೂಗಿಸಿದರೆ ನಾಲ್ಕೂವರೆ. ಖಾಲಿ ಕೋಣೆಯದೂ ಸೇರಿ 13 ಆಯಿತು. ಇವೆಲ್ಲ ಮಧ್ಯ ಸ್ಥಾಯಿಯ ಸುಮಾರು ಲೆಕ್ಕ, ಆದರೆ ಪರದೆ ಒಂದೇ ಹಾಕಿ ‘ಆಗಲಿಲ್ಲ’ ಎನ್ನುವುದೇಕೆ ಎಂಬುದಕ್ಕೆ ಉತ್ತರ ಇದರಲ್ಲೇ ಉಂಟು. ರಾಕ್‌ವೂಲ್ ಹಲಗೆಯನ್ನು ಗೋಡೆಗೆ ಅಂಟಿಸಬೇಡಿ. 2 ಇಂಚು ಬಿಟ್ಟು ತೂಗಿಸಿದರೆ ಹೀರಿಕೆಯೂ ಹೆಚ್ಚು, ಆಷಾಢದಲ್ಲಿ ಹಿಂದುಗಡೆ ಬೂಸ್ಟು ಹಿಡಿಯುವುದೂ ಕಡಿಮೆ.

ಎರಡನೆಯ ಕಾಯಿಲೆ: ಖಾಲಿ ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರೆ ‘ಟರ್ರ್’ ಎಂದು ಎಳೆಯುತ್ತದಲ್ಲ, ಅದು. ಎದುರುಬದುರು ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುತ್ತದೆ. ಗೋಡೆಗಳು 10 ಅಡಿ ದೂರದಲ್ಲಿದ್ದರೆ ಸೆಕೆಂಡಿಗೆ 57 ಸಲ ಹೋಗಿಬರುತ್ತದೆ. ಚೆಂಡೆಯ ಪೆಟ್ಟು ಇದರಲ್ಲಿ ಸಿಕ್ಕಿದರೆ ಚೂಪು ಹೋಗಿ ತಗಡಿನ ಡಬ್ಬ ಬಡಿದಂತೆ ಕೇಳುತ್ತದೆ. ಇಂಗ್ಲಿಷಿನ ‘ಫ್ಲಟರ್ ಎಕೋ’ವನ್ನು ‘ಕಂಪಿತ ಪ್ರತಿಧ್ವನಿ’ ಎಂದರೆ ಯಾರಿಗೂ ತಲುಪುವುದಿಲ್ಲ. ‘ಪಟಪಟ ಮಾರ್ದನಿ’ ಎನ್ನಬಹುದೇ? ಮಾರ್ದನಿಯನ್ನು ಘಾಟಿಗೆ ಬಿಟ್ಟುಬಿಡೋಣ ಎಂದವನೇ ಇಲ್ಲಿಗೆ ಎಳೆದು ತರುತ್ತಿದ್ದೇನೆ, ಗೊತ್ತು. ಆದರೆ ಇದು ಮಾರ್ದನಿಗಳ ಸರಮಾಲೆಯೇ ಹೌದು. ಮದ್ದು ಸುಲಭ: ಎರಡರಲ್ಲಿ ಒಂದು ಗೋಡೆಗೆ ಮಾತ್ರ ಹೀರುವ ಹಲಗೆ ಅಥವಾ ಪುಸ್ತಕ ಏರುಪೇರಾಗಿ ತುಂಬಿದ ಕಪಾಟು. ಜಾಗ ಹುಡುಕಲು ಒಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಮೊದಲ ಹಲಗೆ ಅಲ್ಲಿಗೆ.

ಮೂರನೆಯದು ಎಲ್ಲಕ್ಕಿಂತ ಹಟಮಾರಿ. ಮದ್ದಲೆಯ ಎಡದ ಪೆಟ್ಟು ಬಿದ್ದಾಗ ಕೆಲವು ಪೆಟ್ಟು ಮಾತ್ರ ‘ಗುಂಯ್’ ಎಂದು ಊದಿಕೊಳ್ಳುತ್ತವೆ, ಕೆಲವು ಮಾಯವಾಗುತ್ತವೆ. ಇದು ನಿಜವಾದ ಅನುನಾದ. ಹಂಡೆಯ ನೀರನ್ನು ಸರಿಯಾದ ಲಯದಲ್ಲಿ ತಳ್ಳಿದರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದು ತೂಗಾಡುವಂತೆ, ಕೋಣೆಯ ಗಾಳಿಯೂ ತನ್ನ ಅಳತೆಗೆ ತಕ್ಕ ಸ್ವರಕ್ಕೆ ತೂಗುತ್ತದೆ. ನಮ್ಮ 30 ಡಿಗ್ರಿ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 349 ಮೀಟರ್; ಅದನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿ. 12 ಅಡಿಗೆ 48 ಹರ್ಟ್ಜ್. 10 ಅಡಿ ಅಗಲಕ್ಕೆ 57. ಎತ್ತರವೂ 10 ಅಡಿಯಾದರೆ ಅದೂ 57. ಎರಡು ಸೇರಿ ಒಂದೇ ಸ್ವರ ಮೆರೆಯುತ್ತದೆ, ಅದೇ ಆ ಊತ. ‘ಸ್ಥಾಯಿ ತರಂಗ’ ಎಂಬ ಪದ ಇದಕ್ಕೆ ಉಂಟು, ಆದರೆ ಸಂಗೀತದ ‘ಸ್ಥಾಯಿ’ ಪಕ್ಕದಲ್ಲೇ ಇರುವಾಗ ಓದುಗ ಎಡವುತ್ತಾನೆ. ‘ನಿಂತ ಅಲೆ’ ವಾಸಿ.

ಇಲ್ಲಿ ಪದ ತಪ್ಪಿದರೆ ದುಡ್ಡೂ ಹೋಗುತ್ತದೆ. ‘ಎಕೋ’ ಎಂದುಕೊಂಡು ಒಂದಿಂಚಿನ ಫೋಮ್ ಅಂಟಿಸುತ್ತಾರೆ, ಮೊಟ್ಟೆಯ ಟ್ರೇ ಹೊಡೆಯುತ್ತಾರೆ. 57 ಹರ್ಟ್ಜ್ ಅಲೆಯ ಉದ್ದ 6 ಮೀಟರಿಗೂ ಹೆಚ್ಚು. ಒಂದಿಂಚು ಅದಕ್ಕೆ ಲೆಕ್ಕಕ್ಕೇ ಇಲ್ಲ. ಫೋಮ್ ತಾರಸ್ವರವನ್ನಷ್ಟೇ ನುಂಗಿ ‘ಗುಂಯ್’ ಮೊದಲಿಗಿಂತ ಎದ್ದು ಕಾಣುವಂತೆ ಮಾಡುತ್ತದೆ. ಅನುನಾದಕ್ಕೆ ಮೊದಲ ಮದ್ದು ಜಾಗ ಬದಲಿಸುವುದು. ನಮ್ಮಲ್ಲಿ ಸೋಫಾ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತದೆ, ಒತ್ತಡ ಅತಿ ಹೆಚ್ಚು ಇರುವುದು ಅಲ್ಲೇ. ಕೋಣೆಯ ನಟ್ಟನಡುವೆ ಕೂತರೆ 48 ಹರ್ಟ್ಜ್ ಕೇಳುವುದೇ ಇಲ್ಲ. 12 ಅಡಿ ಉದ್ದಕ್ಕೆ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ತಲೆ ಇರುವಂತೆ ಕೂತು ನೋಡಿ. ಫೋನಿನಿಂದ 30ರಿಂದ 200 ಹರ್ಟ್ಜ್‌ವರೆಗೆ ನಿಧಾನ ಏರುವ ಸ್ವರವನ್ನು ಸ್ಪೀಕರಿಗೆ ಹಾಕಿದರೆ ಎಲ್ಲಿ ಊದುತ್ತದೆ, ಎಲ್ಲಿ ಬತ್ತುತ್ತದೆ ಎಂದು ಕಿವಿಗೇ ತಿಳಿಯುತ್ತದೆ. ಅಳೆಯುವ ಮೈಕ್ ಇದ್ದವರಿಗೆ ರೂಮ್ ಇಕ್ಯೂ ವಿಜರ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹಂಚಿನ ಹಳೆ ಮನೆಗಳಲ್ಲಿ ಈ ಪೀಡೆ ಕಡಿಮೆ: ರೀಪಿನ ಮೇಲೆ ಕೂತ ಹಂಚಿನ ಸಂದುಗಳಿಂದ ಮಂದ್ರ ಸ್ವರ ಹೊರಗೆ ಸೋರುತ್ತದೆ. ಅಲ್ಲಿ ದೂರು ತಿರುವುಮುರುವು, ‘ಬೇಸ್ ಸಾಲ್ದು’ ಎಂದು.

ಇಷ್ಟು ಹೇಳಿದ ಮೇಲೆ ಇನ್ನೂ ನಾಲ್ಕು ಪದ, ಸ್ಪೀಕರ್ ಅಂಗಡಿಯಲ್ಲಿ ದಿನವೂ ಕಾಲಿಗೆ ತೊಡರುವಂಥವು.

‘ಧ್ವನಿವರ್ಧಕ.’ ಪದದ ಒಳಗಿರುವುದು ಆಂಪ್ಲಿಫೈಯರ್. ಪೊಲೀಸರ ಅನುಮತಿಪತ್ರದಲ್ಲಿ ಇರುವುದು ಲೌಡ್‌ಸ್ಪೀಕರ್. ಯಕ್ಷಗಾನದ ಬಯಲಿನಲ್ಲಂತೂ ‘ಮೈಕ್’ ಎಂದರೆ ಮೈಕೂ ಹೌದು, ಆಂಪ್ಲಿಫೈಯರೂ ಹೌದು, ಮರಕ್ಕೆ ಕಟ್ಟಿದ ಹಾರ್ನೂ ಹೌದು. ಎರಡು ಪೆಟ್ಟಿಗೆಗಳನ್ನು ಜೋಡಿಸುವ ಬರಹದಲ್ಲಿ ಈ ಪದ ಬಳಸಿದರೆ ಸರ್ವನಾಶ. ‘ಆಂಪ್’ ಮತ್ತು ‘ಸ್ಪೀಕರ್’ ಕನ್ನಡವೇ ಆಗಿಹೋಗಿವೆ.

‘ಹೊಂದಾಣಿಕೆ.’ ಆಂಪ್‌ನ ಓಮ್‌ಗೆ ಸ್ಪೀಕರಿನ ಓಮ್ (ವಿದ್ಯುತ್ತಿನ ತಡೆಯ ಅಳತೆ) ಜಾತಕದಂತೆ ಕೂಡಬೇಕು ಎಂಬ ನಂಬಿಕೆ ಈ ಪದದ ಮರಿ. ಇವತ್ತಿನ ಆಂಪ್‌ನ ಒಳಗಿನ ತಡೆ 0.1 ಓಮ್‌ನಷ್ಟು ಅಥವಾ ಇನ್ನೂ ಕಡಿಮೆ, ಸ್ಪೀಕರ್‌ನದು 8. ನಿಜಕ್ಕೂ ಸಮ ಮಾಡಿದರೆ ಅರ್ಧ ಶಕ್ತಿ ಆಂಪ್‌ನಲ್ಲೇ ಬೆಂದುಹೋಗುತ್ತದೆ. ಬೇಕಾದ ಪದ ‘ಹೊರೆ’: ಎತ್ತಿನ ತಾಕತ್ತಿಗೆ ತಕ್ಕ ಹೊರೆ. ಓಮ್ ಕಡಿಮೆಯಾದಷ್ಟೂ ಹೊರೆ ಭಾರ, ಇದು ಅನೇಕರಿಗೆ ಉಲ್ಟಾ ಕಾಣುತ್ತದೆ. 20 ವೋಲ್ಟ್‌ಗೆ 8 ಓಮ್ ಎಳೆಯುವುದು ಎರಡೂವರೆ ಆಂಪಿಯರ್, 4 ಓಮ್ ಎಳೆಯುವುದು 5. ಸ್ಪೀಕರ್ ಮೇಲೆ ಬರೆದದ್ದು ಹೆಸರಿನ ಓಮ್ ಮಾತ್ರ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ ಐಇಸಿಯ ಮಾನದಂಡದಂತೆ ಅತಿ ಕೆಳಗಿನದು ಅದರ ನೂರಕ್ಕೆ 80ಕ್ಕಿಂತ ಇಳಿಯಬಾರದು, ಎಂದರೆ 8ಕ್ಕೆ 6.4. ಎಲ್ಲ ತಯಾರಕರೂ ಪಾಲಿಸುವುದಿಲ್ಲ. 6 ಓಮಿನ ಎರಡು ಜೊತೆಯನ್ನು ಒಂದೇ ಆಂಪ್‌ಗೆ ಪ್ಯಾರಲಲ್ ಕಟ್ಟಿದರೆ 3 ಓಮ್. ಹತ್ತು ನಿಮಿಷ ಜೋರಾಗಿ ಹಾಡಿ ಒಳಗಿನ ರಕ್ಷಣೆಯ ಸ್ವಿಚ್, ರಿಲೇ, ‘ಟಕ್’ ಎಂದು ಕಡಿದುಕೊಂಡರೆ ಆಂಪ್ ಹಾಳಲ್ಲ, ಹೊರೆ ಹೆಚ್ಚು.

‘ಸಂವೇದನೆ’, ‘ಸೂಕ್ಷ್ಮತೆ.’ ಸೆನ್ಸಿಟಿವಿಟಿಗೆ ಇವನ್ನು ಬರೆದರೆ ಸ್ಪೀಕರ್ ನಾಜೂಕಿನದು, ಸೂಕ್ಷ್ಮ ಸ್ವರ ಕೇಳಿಸುತ್ತದೆ ಎಂದು ತಿಳಿಯುತ್ತಾರೆ. ವಿಷಯ ಸ್ಕೂಟರಿನ ಮೈಲೇಜ್‌ನಂಥದು: ಇಷ್ಟು ಕೊಟ್ಟರೆ ಇಷ್ಟು ದನಿ. ‘ದನಿ ಮೈಲೇಜ್’ ಎಂದರೆ ಪಂಡಿತರು ಮೂಗು ಮುರಿದಾರು, ಗಿರಾಕಿಗೆ ತಿಳಿಯುತ್ತದೆ. 86 ಡೆಸಿಬೆಲ್‌ನ (1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ದನಿ) 8 ಓಮ್ ಜೋಡಿ, ಕೂರುವ ದೂರ ಎರಡೂವರೆ ಮೀಟರ್: ದೂರಕ್ಕೆ 8 ಕಳೆದು, ಎರಡು ಸ್ಪೀಕರಿಗೆ 3 ಕೂಡಿಸಿ, ಒಂದೊಂದು ವಾಟಿಗೆ 81. ಚೆಂಡೆಯ ಏರು 96 ಮುಟ್ಟಬೇಕಾದರೆ ಇನ್ನೂ 15 ಡೆಸಿಬೆಲ್, ಅದಕ್ಕೆ 32 ವಾಟ್. 50 ವಾಟಿನ ಆಂಪ್ ಧಾರಾಳ ಸಾಕು. 82ರ ಸ್ಪೀಕರಾದರೆ ಅದೇ ದನಿಗೆ 80 ವಾಟ್. ಮೋಸ ಇರುವುದು ‘2.83 ವೋಲ್ಟ್’ ಎಂಬ ಸಣ್ಣಕ್ಷರದಲ್ಲಿ: 8 ಓಮಿಗೆ ಅದು 1 ವಾಟ್, 4 ಓಮಿಗೆ 2. ಆದ್ದರಿಂದ 4 ಓಮ್ ಸ್ಪೀಕರಿನ 86ನ್ನು 83 ಎಂದೇ ಓದಬೇಕು. ವಾಟ್ ಸಾಲದೆ ಅಲೆಯ ನೆತ್ತಿ ಚಪ್ಪಟೆಯಾದಾಗ ನಮ್ಮವರು ‘ದನಿ ಒಡೀತು’ ಎನ್ನುತ್ತಾರಲ್ಲ, ಎಂಥ ಪದ! ಡಿಸ್ಟಾರ್ಶನ್‌ಗೆ ‘ವಿರೂಪಣ’ ಯಾಕೆ, ‘ಒಡಕು’ ಇರುವಾಗ? ಒಡಕಿನಲ್ಲೇ ಗಂಟೆಗಟ್ಟಲೆ ಹಾಡಿಸಿದರೆ ಮೊದಲು ಸುಡುವುದು ಟ್ವೀಟರ್, ತಾರಸ್ವರ ನುಡಿಸುವ ಸಣ್ಣ ಘಟಕ.

‘ಪುಸ್ತಕದ ಕಪಾಟಿನ ಸ್ಪೀಕರ್.’ ಬುಕ್‌ಶೆಲ್ಫ್‌ನ ಶಬ್ದಶಃ ಅನುವಾದ. ಹೆಸರು ನಂಬಿ ಶೋಕೇಸಿನೊಳಗೆ ತುರುಕಿದರೆ ಹಿಂದುಗಡೆ ತೂತು ಇರುವ ಸ್ಪೀಕರ್ ಉಸಿರು ಕಟ್ಟಿ ಬೊಬ್ಬಿರಿಯುತ್ತದೆ. ಅದು ಇರಬೇಕಾದ್ದು 24 ಇಂಚಿನ ಸ್ಟ್ಯಾಂಡಿನ ಮೇಲೆ, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ, ಗೋಡೆಯಿಂದ ಒಂದೂವರೆ-ಎರಡು ಅಡಿ ಮುಂದೆ. ‘ಗಿಡ್ಡ ಸ್ಪೀಕರ್’ ಎನ್ನಿ, ಸಾಕು.

ಈಗ ನನ್ನ ನಿಜವಾದ ಪ್ರಶ್ನೆ. ಅನುನಾದ ಎಂಬುದು ಬರಹದ ಪದ. ಒಂದೇ ಸ್ವರ ಊದಿಕೊಂಡು ಉಳಿದದ್ದನ್ನೆಲ್ಲ ಮುಚ್ಚುವ ಆ ‘ಗುಂಯ್’ಗೆ ಮದ್ದಲೆ ಕಟ್ಟುವವರು, ಶ್ರುತಿ ಮಾಡುವವರು ಬಾಯಿಮಾತಿನಲ್ಲಿ ಏನನ್ನುತ್ತಾರೆ? ವಾದ್ಯದ ಗುಣಕ್ಕೆ ಹೇಳುವ ಪದವಲ್ಲ, ದೋಷಕ್ಕೆ ಹೇಳುವ ಪದ ಬೇಕು. ಕುಂದಾಪುರ ಕಡೆಯದಾದರೂ ಸರಿ, ತುಳುವಿನದಾದರೂ ಸರಿ.